ಲಾನಿನ ಸ್ಪ್ರಿಂಕ್ಲರ್ ಕೈಕೊಟ್ಟಾಗ: ಲಕ್ಷಣ ನೋಡಿ ದೋಷ ಹುಡುಕುವ ಬಗೆ

ಕಲಬುರಗಿಯಲ್ಲಿ ಮಾರ್ಚ್ ತಿಂಗಳು ಅರ್ಧ ಕಳೆಯುತ್ತಿದ್ದಂತೆ ಲಾನಿನ ಮೇಲೆ ಹಳದಿ ಮಚ್ಚೆಗಳು ಕಾಣಿಸಿಕೊಳ್ಳುತ್ತವೆ. ಆಗ ಹೆಚ್ಚಿನವರು ಮಾಡುವ ಮೊದಲ ಕೆಲಸವೆಂದರೆ ಟೈಮರ್‌ನಲ್ಲಿ ಹತ್ತು ನಿಮಿಷವಿದ್ದುದನ್ನು ಇಪ್ಪತ್ತು ಮಾಡುವುದು. ಒಣಗಿದ ಜಾಗ ಒಣಗಿಯೇ ಇರುತ್ತದೆ, ಹಸಿರಾಗಿದ್ದ ಜಾಗ ಕೆಸರಾಗುತ್ತದೆ, ಸಂಪು ಬರಿದಾಗಿ ಟ್ಯಾಂಕರ್ ಕರೆಸಬೇಕಾಗುತ್ತದೆ. ಈ ಭಾಗದ ಮನೆ, ಕಾಲೇಜು ಮತ್ತು ಕಲ್ಯಾಣ ಮಂಟಪಗಳ ಲಾನುಗಳಲ್ಲಿ ಸ್ಪ್ರಿಂಕ್ಲರ್ ದುರಸ್ತಿ ಮಾಡುತ್ತ ಬಂದಿರುವ ನನಗೆ ಇದನ್ನು ನೋಡಿದಾಗಲೆಲ್ಲ ಸಂಕಟವಾಗುತ್ತದೆ. ಸಮಯ ಹೆಚ್ಚಿಸಿದಾಗ ಮೂಲದೋಷ ಮರೆಯಾಗಿ, ಅದನ್ನು ಹುಡುಕುವುದು ಮತ್ತಷ್ಟು ಕಷ್ಟವಾಗುತ್ತದೆ. ಆದ್ದರಿಂದ ಕೆಳಗೆ ಹೇಳಿರುವ ಪರೀಕ್ಷೆಗಳೆಲ್ಲ ಮುಗಿಯುವವರೆಗೆ ಟೈಮರ್‌ನ ಸಮಯ ಹೆಚ್ಚಿಸಬೇಡಿ ಎಂಬುದು ನನ್ನ ಮೊದಲ ಕೋರಿಕೆ.

ಕೈ ಹಾಕುವ ಮೊದಲು

ನೀರು ಮತ್ತು ಕರೆಂಟ್ ಒಂದೇ ಜಾಗದಲ್ಲಿರುವ ಕೆಲಸ ಇದು. ಮೋಟಾರ್, ಸ್ಟಾರ್ಟರ್ ಅಥವಾ ಟೈಮರ್ ಪೆಟ್ಟಿಗೆಯನ್ನು ತೆರೆಯುವ ಮುನ್ನ ಎಂ.ಸಿ.ಬಿ. ಇಳಿಸಿ, ಟೆಸ್ಟರ್ ಹಿಡಿದು ಕರೆಂಟ್ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ನಮ್ಮ ಕಡೆ ಕರೆಂಟ್ ಬಂದೊಡನೆ ತಾನಾಗಿಯೇ ಮೋಟಾರ್ ಚಾಲೂ ಮಾಡುವ ಆಟೋ ಸ್ಟಾರ್ಟರ್‌ಗಳೂ ಮೊಬೈಲ್‌ನಿಂದ ಚಾಲೂ ಆಗುವ ಸ್ಟಾರ್ಟರ್‌ಗಳೂ ಬಹಳ. ಕರೆಂಟ್ ಹೋಗಿದೆ ಎಂಬ ಧೈರ್ಯದ ಮೇಲೆ ಪೈಪು ಬಿಚ್ಚಿ ಕುಳಿತಾಗ ಮೋಟಾರ್ ಚಾಲೂ ಆದರೆ ಅಪಾಯ ಖಂಡಿತ. ಟೈಮರ್ ಹೇಳಿದಾಗ ಲಾನಿನ ಒಂದೊಂದು ಭಾಗಕ್ಕೆ ನೀರು ಬಿಡುವ ವಾಲ್ವ್‌ಗಳಿಗೆ ಹೋಗುವ ತಂತಿಯಲ್ಲಿ 24 ವೋಲ್ಟ್ ಮಾತ್ರ ಇದ್ದರೂ, ಟೈಮರ್ ಒಳಗಿನ ಟ್ರಾನ್ಸ್‌ಫಾರ್ಮರ್‌ಗೆ ಬರುವುದು 230 ವೋಲ್ಟ್ ಎಂಬುದನ್ನು ಮರೆಯಬಾರದು.

ನೆಲದೊಳಗಿನ ವಾಲ್ವ್ ಚೇಂಬರಿನ ಮುಚ್ಚಳವನ್ನು ಕೋಲಿನಿಂದ ಎತ್ತಿ, ಒಳಗೆ ಬೆಳಕು ಬಿಟ್ಟು ನೋಡಿದ ನಂತರವೇ ಕೈ ಇಳಿಸಬೇಕು. ಬೇಸಿಗೆಯಲ್ಲಿ ಊರಿಗೆಲ್ಲ ಅದೊಂದೇ ತಂಪಾದ, ತೇವವಿರುವ ಜಾಗ. ಚೇಳು ಅಲ್ಲಿರುವುದು ಅಪರೂಪವಲ್ಲ, ಹಾವೂ ಇರಬಹುದು.

ಎಲ್ಲ ಸ್ಪ್ರಿಂಕ್ಲರ್‌ಗಳ ನೀರೂ ಸಪ್ಪೆಯಾಗಿ ಹಾರುತ್ತಿದ್ದರೆ

ಒಂದೇ ಸ್ಪ್ರಿಂಕ್ಲರ್ ಕೆಟ್ಟರೆ ದೋಷ ಅದರದ್ದು. ಎಲ್ಲವೂ ಒಟ್ಟಿಗೆ ಸೊರಗಿದರೆ ದೋಷ ಹಿಂದೆ, ನೀರು ಬರುವ ದಾರಿಯಲ್ಲಿ ಇರುತ್ತದೆ. ಆದ್ದರಿಂದ ನೀರು ಚಿಮ್ಮುವ ನಾಜಲ್ ಬಿಚ್ಚುತ್ತ ಹೋಗದೆ, ನೀರಿನ ಮೂಲದಿಂದ ಲಾನಿನ ಕಡೆಗೆ ನಡೆದು ಬರಬೇಕು.

ಮೊದಲು ಗೇಟ್‌ವಾಲ್ವ್ ಪೂರ್ತಿ ತೆರೆದಿದೆಯೇ ನೋಡಿ. ಯಾರೋ ಬಾಗಿಲು ತೊಳೆಯಲೆಂದು ಅರ್ಧ ತಿರುಗಿಸಿ ಹಾಗೆಯೇ ಬಿಟ್ಟಿರುತ್ತಾರೆ. ಅನಂತರ ಫಿಲ್ಟರ್. ಬೋರ್‌ವೆಲ್ ನೀರಿನಲ್ಲಿ ಸಣ್ಣ ಮರಳು ಬರುತ್ತದೆ, ನಾರಾಯಣಪುರ ಎಡದಂಡೆ ಕಾಲುವೆಯ ನೀರನ್ನು ಬಳಸುವ ಶಹಾಪುರ, ಸುರಪುರ ಕಡೆಗಳಲ್ಲಿ ಹೂಳು ಮತ್ತು ಪಾಚಿ ಬರುತ್ತದೆ. ಫಿಲ್ಟರಿನ ಹಿಂದೊಂದು, ಮುಂದೊಂದು ಪ್ರೆಷರ್ ಗೇಜ್ ಇದ್ದರೆ ಎರಡರ ಅಂತರವೇ ಕಥೆ ಹೇಳುತ್ತದೆ. ತೊಳೆದ ದಿನ ಇದ್ದ ಅಂತರಕ್ಕಿಂತ ಅರ್ಧ ಕೆ.ಜಿ. (ಗೇಜಿನ ಮೇಲಿನ ಕೆ.ಜಿ./ಚ.ಸೆಂ.ಮೀ. ಅಳತೆ) ಹೆಚ್ಚಾಗಿದ್ದರೆ ಜಾಲರಿ ಕಟ್ಟಿಕೊಂಡಿದೆ. ಕಾಲುವೆ ನೀರನ್ನು ಸಂಪಿನಲ್ಲಿ ತುಂಬಿಸಿಕೊಳ್ಳುವವರು ಎಳೆಯುವ ಪೈಪಿನ ಬಾಯಿಯನ್ನು ತಳದಿಂದ ಒಂದು ಅಡಿ ಮೇಲೆ ಇಟ್ಟರೆ ಫಿಲ್ಟರಿನ ಗೋಳು ಬಹಳ ಮಟ್ಟಿಗೆ ಕಡಿಮೆಯಾಗುತ್ತದೆ.

ಫಿಲ್ಟರ್ ಸ್ವಚ್ಛವಿದ್ದೂ ಒತ್ತಡ ಇಲ್ಲವಾದರೆ, ನೀರು ಎಲ್ಲಿಂದ ಬರುತ್ತಿದೆ ಎಂದು ಕೇಳಿಕೊಳ್ಳಬೇಕು. ಕಲಬುರಗಿಯ ಹೊಸ ಬಡಾವಣೆಗಳಲ್ಲಿ ನಾನು ಕಂಡ ಅತಿ ಸಾಮಾನ್ಯ ತಪ್ಪು ಇಲ್ಲಿದೆ: ಸ್ಪ್ರಿಂಕ್ಲರ್ ಪೈಪನ್ನು ಮನೆಯ ಓವರ್‌ಹೆಡ್ ಟ್ಯಾಂಕಿಗೆ ನೇರವಾಗಿ ಜೋಡಿಸಿರುತ್ತಾರೆ. ಒಂದು ಮೀಟರ್ ಎತ್ತರದ ನೀರು ಕೊಡುವುದು ಸುಮಾರು 0.1 ಕೆ.ಜಿ. ಒತ್ತಡ. ಟ್ಯಾಂಕು ನೆಲದಿಂದ 8 ಮೀಟರ್ ಮೇಲಿದ್ದರೆ ಲಾನಿಗೆ ಸಿಗುವುದು 0.8 ಕೆ.ಜಿ., ಪೈಪು ಮತ್ತು ಎಲ್ಬೋಗಳನ್ನು ದಾಟುವಾಗ ಅದರಲ್ಲೂ ಸ್ವಲ್ಪ ಸವೆದುಹೋಗುತ್ತದೆ. ನೆಲದಿಂದ ಮೇಲೇಳುವ ಸ್ಪ್ರೇ ಸ್ಪ್ರಿಂಕ್ಲರಿಗೆ ಬೇಕಾದುದು ಸುಮಾರು 2 ಕೆ.ಜಿ., ತಿರುಗುತ್ತ ದೂರಕ್ಕೆ ಎಸೆಯುವ ರೋಟರಿಗೆ ಸುಮಾರು 3 ಕೆ.ಜಿ. ಹೀಗಿರುವಾಗ ಎಷ್ಟು ನಾಜಲ್ ಬದಲಿಸಿದರೂ ಫಲವಿಲ್ಲ. ಸಂಪಿನಿಂದ ನೇರವಾಗಿ ಒತ್ತಡ ಕೊಡುವ ಬೇರೆ ಪಂಪ್ ಬೇಕು, ಇಲ್ಲವೆ ಸ್ಪ್ರಿಂಕ್ಲರ್ ಬಿಟ್ಟು ಕೈಪೈಪಿನಲ್ಲಿ ನೀರುಣಿಸುವುದೇ ಒಳ್ಳೆಯದು.

ಪಂಪ್ ಇದ್ದೂ ಸಪ್ಪೆಯಾಗಿದ್ದರೆ ಒಂದು ಬಕೆಟ್ ತೆಗೆದುಕೊಳ್ಳಿ. 20 ಲೀಟರಿನ ಬಕೆಟ್ 30 ಸೆಕೆಂಡಿನಲ್ಲಿ ತುಂಬಿದರೆ ನಿಮಿಷಕ್ಕೆ 40 ಲೀಟರ್ ಬರುತ್ತಿದೆ ಎಂದರ್ಥ. ಇದು ತೆರೆದ ಬಾಯಿಯ ಲೆಕ್ಕ. ನಾಜಲಿನ ಒತ್ತಡದ ಎದುರು ಪಂಪ್ ಕೊಡುವುದು ಇದಕ್ಕಿಂತ ಕಡಿಮೆ. ಸುಮಾರು 4.5 ಮೀಟರ್ ದೂರಕ್ಕೆ ಪೂರ್ತಿ ಸುತ್ತು ಚಿಮ್ಮಿಸುವ ಒಂದು ಸ್ಪ್ರೇ ನಾಜಲ್ ನಿಮಿಷಕ್ಕೆ ಹತ್ತಿರಹತ್ತಿರ 14 ಲೀಟರ್ ಕುಡಿಯುತ್ತದೆ, ಅರ್ಧ ಸುತ್ತಿನದು ಅದರ ಅರ್ಧ. ಅಂಥ ಪೈಪಿನ ಮೇಲೆ ಪೂರ್ತಿ ಸುತ್ತಿನ ಎರಡು ನಾಜಲ್ ನಡೆಯಬಹುದು, ಐದು ಖಂಡಿತ ನಡೆಯುವುದಿಲ್ಲ. ಲಾನನ್ನು ಇನ್ನೊಂದು ಭಾಗ ಮಾಡಿ, ಇನ್ನೊಂದು ವಾಲ್ವ್ ಹಾಕಿ ಸರದಿಯ ಮೇಲೆ ಬಿಡುವುದೇ ಇದಕ್ಕಿರುವ ಪರಿಹಾರ.

ನಿನ್ನೆಯವರೆಗೆ ಚೆನ್ನಾಗಿದ್ದುದು ಇಂದು ಇದ್ದಕ್ಕಿದ್ದಂತೆ ಸೊರಗಿದ್ದರೆ ಮೂರು ಕಾರಣಗಳನ್ನು ನೆನೆಯಬೇಕು. ಒಂದು, ಲೋ ವೋಲ್ಟೇಜ್. ಎರಡು, ನೀರು ಕೆಮ್ಮಿದಂತೆ ಬಿಟ್ಟುಬಿಟ್ಟು ಬಂದು ನಡುವೆ ಗಾಳಿ ಹೊರಬರುತ್ತಿದ್ದರೆ ಬೋರಿನ ನೀರಿನ ಮಟ್ಟ ಕುಸಿದಿದೆ, ಅಥವಾ ನೀರೆಳೆಯುವ ಪೈಪಿನ ತುದಿಯ ಫುಟ್‌ವಾಲ್ವ್ ಸೋರುತ್ತಿದೆ. ಆಗ ಮೋಟಾರನ್ನು ಕೂಡಲೇ ನಿಲ್ಲಿಸಬೇಕು. ಒಣ ಓಡಿದ ಪಂಪಿನ ಸೀಲು ಸುಟ್ಟುಹೋಗುತ್ತದೆ. ಮೂರು, ತ್ರೀ ಫೇಸ್ ಮೋಟಾರ್ ಇದ್ದು, ಕಂಬದ ಮೇಲೋ ಮೀಟರ್ ಬೋರ್ಡಿನಲ್ಲೋ ಇತ್ತೀಚೆಗೆ ಕೆಲಸ ನಡೆದಿದ್ದರೆ, ಫೇಸ್ ಅದಲುಬದಲಾಗಿ ಮೋಟಾರ್ ಉಲ್ಟಾ ತಿರುಗುತ್ತಿರಬಹುದು. ಹಾಗೆ ತಿರುಗಿದರೂ ನೀರು ಬರುತ್ತದೆ, ಒತ್ತಡ ಮಾತ್ರ ಇರುವುದಿಲ್ಲ. ಇದನ್ನು ಸರಿಪಡಿಸುವುದು ಎಲೆಕ್ಟ್ರಿಷಿಯನ್ ಕೆಲಸ.

ನೀರು ಹನಿಯಾಗದೆ ಹೊಗೆಯಂತೆ ತೇಲಿಹೋಗುತ್ತಿದ್ದರೆ ಒತ್ತಡ ಅಗತ್ಯಕ್ಕಿಂತ ಹೆಚ್ಚಿದೆ ಎಂದು ತಿಳಿಯಿರಿ. ನಮ್ಮ ಬೇಸಿಗೆಯ ಗಾಳಿಯಲ್ಲಿ ಅಂಥ ನೀರು ನೆಲ ಮುಟ್ಟುವುದಿಲ್ಲ. ಗೇಟ್‌ವಾಲ್ವನ್ನು ಸ್ವಲ್ಪ ಸ್ವಲ್ಪವಾಗಿ ಮುಚ್ಚುತ್ತ, ಹೊಗೆ ನಿಂತು ಹನಿ ಕಾಣುವ ಹಂತದಲ್ಲಿ ನಿಲ್ಲಿಸಿದರೆ ಸಾಕು.

ಒಂದು ಸ್ಪ್ರಿಂಕ್ಲರ್ ಮಾತ್ರ ಸರಿಯಾಗಿ ಹಾರಿಸದಿದ್ದರೆ

ಇದು ಅತಿ ಸುಲಭದ ದೋಷ, ಖರ್ಚೂ ಇಲ್ಲ. ಶಹಾಬಾದ್, ಚಿತ್ತಾಪುರ, ಸೇಡಂ ಸುತ್ತಲಿನ ನೆಲದಡಿಯಲ್ಲಿ ಸುಣ್ಣಕಲ್ಲಿನ ಪದರವಿದೆ. ನಮ್ಮ ಮನೆಗಳಿಗೆ ಹಾಸುವ ಫರಸಿ ಅಲ್ಲಿಯದೇ. ಆ ಕಲ್ಲಿನೊಳಗಿಂದ ಬರುವ ಬೋರ್ ನೀರು ಗಡಸು. ಸ್ಪ್ರಿಂಕ್ಲರ್ ನಿಂತ ಮೇಲೆ ನಾಜಲಿನ ತುಟಿಯಲ್ಲಿ ಉಳಿದ ಹನಿ ಆರುತ್ತದೆ, ಸುಣ್ಣ ಅಲ್ಲೇ ಉಳಿಯುತ್ತದೆ, ದಿನಕ್ಕೊಂದು ಪದರದಂತೆ ರಂಧ್ರ ಕಿರಿದಾಗುತ್ತದೆ. ಬಿಳಿ ಪೊರೆ ಕಣ್ಣಿಗೆ ಕಾಣುವಂತಿದ್ದರೆ ನಾಜಲನ್ನೂ ಅದರ ಕೆಳಗಿನ ಸಣ್ಣ ಜಾಲರಿಯನ್ನೂ ತೆಗೆದು, ನಿಂಬೆ ಉಪ್ಪು ಕದಡಿದ ಬೆಚ್ಚಗಿನ ನೀರಿನಲ್ಲೋ ವಿನೆಗರಿನಲ್ಲೋ ರಾತ್ರಿಯಿಡೀ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಬೇಕು. ಶೌಚಾಲಯ ತೊಳೆಯುವ ಆ್ಯಸಿಡ್ ಬಳಸಬಾರದು, ಅದು ಸ್ಪ್ರಿಂಗ್ ತಿನ್ನುತ್ತದೆ. ಸೂಜಿ, ತಂತಿ, ಮೊಳೆ ಚುಚ್ಚಲೂಬಾರದು. ರಂಧ್ರ ಕೂದಲೆಳೆಯಷ್ಟು ಹಿಗ್ಗಿದರೂ ಆ ನಾಜಲಿನ ಅಳತೆ ಶಾಶ್ವತವಾಗಿ ಕೆಟ್ಟಂತೆ. ಕಸಬರಿಗೆಯ ಕಡ್ಡಿ ಸಾಕು.

ನಾಜಲ್ ಸ್ವಚ್ಛವಾಗಿದ್ದೂ ಒಂದು ಕಡೆಗೆ ದೂರ, ಇನ್ನೊಂದು ಕಡೆಗೆ ಹತ್ತಿರ ಬೀಳುತ್ತಿದ್ದರೆ ಸ್ಪ್ರಿಂಕ್ಲರ್ ವಾಲಿದೆ. ಎರೆ ಮಣ್ಣಿನಲ್ಲಿ ಇದು ಪ್ರತಿ ವರ್ಷದ ಪಾಡು. ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುವ ಈ ಮಣ್ಣು ನೆಟ್ಟದ್ದನ್ನೆಲ್ಲ ಅಲುಗಾಡಿಸುತ್ತದೆ. ಸುತ್ತಲಿನ ಎರೆಯನ್ನು ಒಂದು ಗೇಣು ಅಗಲಕ್ಕೆ ತೆಗೆದು, ಆ ಜಾಗದಲ್ಲಿ ಗರಸು ತುಂಬಿ ತುಳಿದು, ಸ್ಪ್ರಿಂಕ್ಲರನ್ನು ನೆಟ್ಟಗೆ ನಿಲ್ಲಿಸಿದರೆ ಎರಡು ಮೂರು ಬೇಸಿಗೆ ತಡೆಯುತ್ತದೆ. ಅದರ ತಲೆ ಹುಲ್ಲಿನ ಬುಡದ ಮಟ್ಟಕ್ಕೆ ಇರಬೇಕು. ಹುಲ್ಲು ಬೆಳೆದು ಮುಚ್ಚಿಕೊಂಡಿದ್ದರೆ ಸುತ್ತ ಕತ್ತರಿಸಿದರೆ ಸಾಕು.

ನೀರು ನಿಂತ ಮೇಲೂ ಒಂದು ಕಡೆ ಕೆಸರು ಆರದಿದ್ದರೆ

ಇಲ್ಲಿ ಗಡಿಯಾರ ಬೇಕು. ವಾಲ್ವ್ ಮುಚ್ಚಿದ ಮೇಲೆ ಲಾನಿನ ಅತಿ ತಗ್ಗಿನ ಸ್ಪ್ರಿಂಕ್ಲರ್ ಬಳಿ ಕುಳಿತು ನೋಡಿ. ನೀರು ಸ್ವಲ್ಪ ಹೊತ್ತು ಜಿನುಗಿ, ಇಳಿಮುಖವಾಗಿ, ತಾನೇ ನಿಂತರೆ ಅದು ಪೈಪಿನಲ್ಲಿ ಉಳಿದಿದ್ದ ನೀರು ಇಳಿಜಾರಿಗೆ ಹರಿದುಬಂದದ್ದು. ವಾಲ್ವ್ ಚೆನ್ನಾಗಿದೆ, ಆ ಸ್ಪ್ರಿಂಕ್ಲರಿಗೆ ನೀರು ತಡೆಹಿಡಿಯುವ ಚೆಕ್‌ವಾಲ್ವ್ ಇರುವ ಮಾದರಿ ಹಾಕಿದರೆ ಮುಗಿಯಿತು. ಗಂಟೆ ಕಳೆದರೂ ಅದೇ ಪ್ರಮಾಣದಲ್ಲಿ ಜಿನುಗುತ್ತಿದ್ದರೆ ವಾಲ್ವ್ ಪೂರ್ತಿ ಮುಚ್ಚುತ್ತಿಲ್ಲ.

ಕೆಸರು ಸ್ಪ್ರಿಂಕ್ಲರಿನಿಂದ ದೂರದಲ್ಲಿ, ಎರಡು ಸ್ಪ್ರಿಂಕ್ಲರ್‌ಗಳ ನಡುವೆ ಇದ್ದರೆ ನೆಲದಡಿಯ ಪೈಪು ಬಿಟ್ಟುಕೊಂಡಿದೆ. ಎರೆ ನೆಲದ ಬಿರುಕು ಪೈಪಿನ ಜಾಯಿಂಟನ್ನೇ ಎಳೆದು ಬಿಡಿಸುತ್ತದೆ. ರಾತ್ರಿ ಎಲ್ಲ ವಾಲ್ವ್ ಮುಚ್ಚಿ, ಮನೆಯ ಬಳಕೆಯ ನೀರನ್ನೂ ಬಂದ್ ಮಾಡಿ, ಮುಖ್ಯ ಪೈಪಿನಲ್ಲಿ ಒತ್ತಡ ಇರುವಂತೆ ನೋಡಿಕೊಂಡು, ಲಾನಿಗೆ ನೀರು ಕೊಡುವ ಟ್ಯಾಂಕ್ ಅಥವಾ ಸಂಪಿನ ಒಳಗೋಡೆಯ ಮೇಲೆ ನೀರಿನ ಮಟ್ಟಕ್ಕೆ ಗೆರೆ ಹಾಕಿಡಿ. ಬೆಳಿಗ್ಗೆ ಮಟ್ಟ ಇಳಿದಿದ್ದರೆ ವಾಲ್ವಿನ ಹಿಂದೆ, ಸದಾ ಒತ್ತಡವಿರುವ ಮುಖ್ಯ ಪೈಪಿನಲ್ಲಿ ಸೋರಿಕೆ ಇದೆ. ಇಳಿಯದಿದ್ದರೆ ವಾಲ್ವಿನ ಮುಂದೆ ಇದೆ. ಅಗೆಯುವಾಗ ಸನಿಕೆಯಿಂದ ಒಂದೇಟಿಗೆ ಕಡಿಯಬೇಡಿ, ಪಕ್ಕದಲ್ಲೇ ವಾಲ್ವಿನ ತಂತಿಯೂ ಇರುತ್ತದೆ. ಪಿ.ವಿ.ಸಿ. ಜೋಡಿಸುವಾಗ ತುದಿಯನ್ನು ಒರೆಸಿ ಒಣಗಿಸಿ, ಸೊಲ್ಯೂಷನ್ ಹಚ್ಚಿ, ಡಬ್ಬಿಯ ಮೇಲೆ ಹೇಳಿರುವಷ್ಟು ಹೊತ್ತು ಬಿಟ್ಟೇ ನೀರು ಹರಿಸಬೇಕು. ಅದರ ಹೊಗೆ ಮೂಗಿಗೆ ಹೋಗದಂತೆ ಬಯಲಲ್ಲಿ ಕೆಲಸ ಮಾಡಬೇಕು, ಹತ್ತಿರ ಬೀಡಿ ಬೆಂಕಿ ಇರಬಾರದು.

ಒಂದು ಭಾಗದ ವಾಲ್ವ್ ತೆರೆಯದಿದ್ದರೆ, ಇಲ್ಲವೆ ಮುಚ್ಚದಿದ್ದರೆ

ತೆರೆಯದಿದ್ದಾಗ ಮೊದಲು ಟೈಮರ್ ಪರದೆ ನೋಡಿ. ಪದೇ ಪದೇ ಕರೆಂಟ್ ಹೋಗುವಲ್ಲಿ, ಒಳಗಿನ ಬ್ಯಾಟರಿ ಸತ್ತಿದ್ದರೆ ಗಡಿಯಾರ ತಪ್ಪಿರುತ್ತದೆ, ಕೆಲವು ಮಾದರಿಗಳಲ್ಲಿ ನೀವು ತುಂಬಿದ ವೇಳಾಪಟ್ಟಿಯೂ ಅಳಿಸಿಹೋಗಿರುತ್ತದೆ. ಅದು ಸರಿಯಿದ್ದರೆ ಚೇಂಬರಿಗೆ ಹೋಗಿ, ವಾಲ್ವಿನ ಮೇಲೆ ಕರೆಂಟಿನಿಂದ ಅದನ್ನು ತೆರೆಯುವ ಸೊಲೆನಾಯ್ಡನ್ನು ಕೈಯಿಂದ ಕಾಲು ಸುತ್ತು ಸಡಿಲಿಸಿ. ನೀರು ಬಂದರೆ ವಾಲ್ವ್ ಚೆನ್ನಾಗಿದೆ, ದೋಷ ಕರೆಂಟಿನದು. ಬಾರದಿದ್ದರೆ ದೋಷ ನೀರಿನ ಕಡೆಯದು.

ಕರೆಂಟಿನ ದೋಷ ಹುಡುಕಲು ಟೈಮರ್ ಬಂದ್ ಮಾಡಿ, ಆ ಭಾಗದ ತಂತಿಯನ್ನೂ ಎಲ್ಲಕ್ಕೂ ಸಮಾನವಾದ ಕಾಮನ್ ತಂತಿಯನ್ನೂ ಬಿಡಿಸಿ, ಮಲ್ಟಿಮೀಟರನ್ನು ಓಮ್‌ಗೆ ಇಟ್ಟು ಅಳೆಯಿರಿ. ಸಾಮಾನ್ಯವಾಗಿ 20ರಿಂದ 60 ಓಮ್ ನಡುವೆ ತೋರಿಸಬೇಕು. ಏನೂ ತೋರಿಸದಿದ್ದರೆ ತಂತಿ ಕಡಿದಿದೆ ಅಥವಾ ಸೊಲೆನಾಯ್ಡಿನ ಸುರುಳಿ ಸುಟ್ಟಿದೆ. ಸೊನ್ನೆಯ ಹತ್ತಿರ ತೋರಿಸಿದರೆ ಎಲ್ಲೋ ಶಾರ್ಟ್ ಆಗಿದೆ. ಅದೇ ಅಳತೆಯನ್ನು ಚೇಂಬರಿನಲ್ಲಿ ಸೊಲೆನಾಯ್ಡಿನ ಎರಡು ತುದಿಗಳ ನಡುವೆ ಮತ್ತೆ ಮಾಡಿದರೆ, ತಪ್ಪು ತಂತಿಯದೋ ಸುರುಳಿಯದೋ ಎಂಬುದು ತಿಳಿಯುತ್ತದೆ. ಇಲಿ ಕಡಿದ ತಂತಿ ಮತ್ತು ಬರೀ ಟೇಪ್ ಸುತ್ತಿದ ಜಾಯಿಂಟು, ಇವೆರಡೇ ನಾನು ಹೆಚ್ಚಾಗಿ ಕಂಡಿರುವ ಕಾರಣಗಳು.

ಮುಚ್ಚದ ವಾಲ್ವಿನ ಬಗ್ಗೆ ಒಂದು ಅನುಭವ ಹೇಳಬೇಕು. ನಗರದ ಒಂದು ಸಂಸ್ಥೆಯ ಲಾನಿನಲ್ಲಿ ಒಂದು ಭಾಗ ರಾತ್ರಿಯೆಲ್ಲ ಹರಿಯುತ್ತಿತ್ತು. ಅವರು ಆಗಲೇ ಎರಡು ಸೊಲೆನಾಯ್ಡ್ ಮತ್ತು ಒಂದು ಟೈಮರ್ ಬದಲಿಸಿದ್ದರು. ನಾನು ನೀರು ಬಂದ್ ಮಾಡಿ ವಾಲ್ವಿನ ಮುಚ್ಚಳದ ಸ್ಕ್ರೂಗಳನ್ನು ತೆಗೆದು, ರಬ್ಬರ್ ಡಯಾಫ್ರಾಮನ್ನು ಎತ್ತಿದಾಗ, ಅದು ಕೂರುವ ಅಂಚಿನ ಮೇಲೆ ಕತ್ತರಿಸಿದ ಉಗುರಿನಂತೆ ಬಾಗಿದ ಪಿ.ವಿ.ಸಿ. ಸಿಪ್ಪೆಯೊಂದು ಕುಳಿತಿತ್ತು. ಪೈಪನ್ನು ಗರಗಸದಿಂದ ಕೊಯ್ದಾಗ ತುದಿ ಕೆರೆಯದೆ ಬಿಟ್ಟದ್ದರಿಂದ ಬಂದ ಸಿಪ್ಪೆ. ರಬ್ಬರಿನ ಮೇಲೆ ಅದರ ಅಚ್ಚು ಸ್ಪಷ್ಟವಾಗಿ ಮೂಡಿತ್ತು. ಸಿಪ್ಪೆ ತೆಗೆದು ತೊಳೆದು ಮುಚ್ಚಿದ ಮೇಲೆ ವಾಲ್ವ್ ಮತ್ತೆ ತಕರಾರು ಮಾಡಲಿಲ್ಲ. ಆದ್ದರಿಂದ ಮುಚ್ಚದ ವಾಲ್ವಿಗೆ ಬಿಡಿಭಾಗ ಕೊಳ್ಳುವ ಮುನ್ನ ಬಿಚ್ಚಿ ನೋಡಿ. ಡಯಾಫ್ರಾಮ್ ಹರಿದಿದ್ದರೆ ಮಾತ್ರ ಬದಲಿಸಬೇಕು.

ಎಲ್ಲ ಸರಿಯಿದ್ದೂ ಹುಲ್ಲು ಅಲ್ಲಲ್ಲಿ ಒಣಗುತ್ತಿದ್ದರೆ

ಮೊದಲು ಒಣಗಿದ ಜಾಗದಲ್ಲಿ ಉದ್ದನೆಯ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಒಂದು ಗೇಣು ಸಲೀಸಾಗಿ ಇಳಿದು ಮಣ್ಣು ತೇವವಿದ್ದರೆ ನೀರಿನ ಕೊರತೆ ಇಲ್ಲ. ಹುಲ್ಲನ್ನು ಹಿಡಿದೆಳೆದಾಗ ಚಾಪೆಯಂತೆ ಎದ್ದು ಬಂದರೆ ಬೇರು ತಿಂದದ್ದು ಗೊಣ್ಣೆಹುಳು, ಸ್ಪ್ರಿಂಕ್ಲರಿನ ಮೇಲೆ ಸಿಟ್ಟು ಬೇಡ. ಸ್ಕ್ರೂಡ್ರೈವರ್ ಇಳಿಯದಿದ್ದರೆ ಆ ಜಾಗಕ್ಕೆ ನೀರು ತಲುಪುತ್ತಿಲ್ಲ. ಎಷ್ಟು ತಲುಪುತ್ತಿಲ್ಲ ಎಂಬುದನ್ನು ಅಳೆಯಬೇಕು.

ವೃತ್ತಿಪರರು ನೀರಾವರಿ ಆಡಿಟ್ ಎಂದು ಕರೆಯುವ ಪರೀಕ್ಷೆಯ ತಿರುಳು ಇಷ್ಟೆ, ಇದನ್ನು ಮನೆಯಲ್ಲೂ ಮಾಡಬಹುದು. ಒಂದೇ ಅಳತೆಯ, ನೆಟ್ಟಗಿನ ಗೋಡೆಯ 16 ಡಬ್ಬಿಗಳನ್ನು ಒಂದು ವಾಲ್ವಿನ ಭಾಗದಲ್ಲಿ ಸಮ ಅಂತರದಲ್ಲಿ ಇಟ್ಟು, ಗಾಳಿಯಿಲ್ಲದ ನಸುಕಿನಲ್ಲಿ 15 ನಿಮಿಷ ನೀರು ಬಿಡಿ. ಪ್ರತಿ ಡಬ್ಬಿಯ ನೀರಿನ ಆಳವನ್ನು ಸ್ಕೇಲಿನಿಂದ ಮಿಲಿಮೀಟರಿನಲ್ಲಿ ಅಳೆದು, ಲಾನಿನ ನಕ್ಷೆಯ ಮೇಲೆ ಆಯಾ ಜಾಗದಲ್ಲೇ ಬರೆಯಿರಿ. ಉದಾಹರಣೆಗೆ ಎಲ್ಲ ಸೇರಿ 128 ಮಿ.ಮೀ. ಆದರೆ ಸರಾಸರಿ 8. ಅತಿ ಕಡಿಮೆ ನೀರು ಬಿದ್ದ ನಾಲ್ಕು ಡಬ್ಬಿಗಳಲ್ಲಿ 3, 4, 4, 5 ಇದ್ದರೆ ಅವುಗಳ ಸರಾಸರಿ 4. ನಾಲ್ಕನ್ನು ಎಂಟರಿಂದ ಭಾಗಿಸಿದರೆ ಶೇ. 50. ಶೇ. 70ರ ಮೇಲಿದ್ದರೆ ಹಂಚಿಕೆ ಚೆನ್ನಾಗಿದೆ ಎನ್ನಬಹುದು, 50 ಎಂದರೆ ಕಳಪೆ. ಆ ನಾಲ್ಕು ಜಾಗಗಳಿಗೆ 8 ಮಿ.ಮೀ. ತಲುಪಿಸಲು ಸಮಯವನ್ನು ದುಪ್ಪಟ್ಟು ಮಾಡಬೇಕಾಗುತ್ತದೆ. ಒಂದು ಚದರ ಮೀಟರಿನ ಮೇಲೆ 1 ಮಿ.ಮೀ. ನೀರು ಎಂದರೆ 1 ಲೀಟರ್. 200 ಚದರ ಮೀಟರಿನ ಲಾನಿಗೆ 1,600 ಲೀಟರ್ ಸಾಕಾಗುವಲ್ಲಿ 3,200 ಲೀಟರ್ ಸುರಿದಂತಾಗುತ್ತದೆ. ಮೇ ತಿಂಗಳಲ್ಲಿ ಟ್ಯಾಂಕರಿಗಾಗಿ ಕಾಯುವ ಓಣಿಯಲ್ಲಿ ಇದನ್ನು ನೋಡುತ್ತ ಸುಮ್ಮನಿರಲು ನನ್ನಿಂದ ಆಗುವುದಿಲ್ಲ.

ಹಂಚಿಕೆ ಕೆಡಲು ಕಾರಣಗಳು ನಕ್ಷೆಯಲ್ಲೇ ಕಾಣುತ್ತವೆ. ಒಂದು ಸ್ಪ್ರಿಂಕ್ಲರಿನ ನೀರು ಪಕ್ಕದ ಸ್ಪ್ರಿಂಕ್ಲರಿನ ಬುಡದವರೆಗೆ ಹಾರಬೇಕು. ಅಂತರ ಹೆಚ್ಚಿದ್ದರೆ ನಡುವೆ ಒಣ ಪಟ್ಟಿ ಬೀಳುತ್ತದೆ. ಮೂಲೆಯಲ್ಲಿ ಕಾಲು ಸುತ್ತು ತಿರುಗುವ ರೋಟರಿಗೂ ನಡುವೆ ಪೂರ್ತಿ ಸುತ್ತು ತಿರುಗುವ ರೋಟರಿಗೂ ಒಂದೇ ನಾಜಲ್ ಹಾಕಿದ್ದರೆ ಮೂಲೆಗೆ ನಾಲ್ಕು ಪಟ್ಟು ನೀರು ಬೀಳುತ್ತದೆ. ಸ್ಪ್ರೇ ಮತ್ತು ರೋಟರನ್ನು ಒಂದೇ ವಾಲ್ವಿನ ಮೇಲೆ ಇಟ್ಟಿದ್ದರಂತೂ ಯಾವ ವೇಳಾಪಟ್ಟಿಯೂ ಎರಡಕ್ಕೂ ಹೊಂದುವುದಿಲ್ಲ.

ಹಂಚಿಕೆ ಸರಿಯಾದ ಮೇಲೆ ಮಣ್ಣಿನ ಮಾತು. ಮೇಲಿನ ಉದಾಹರಣೆಯಲ್ಲಿ 15 ನಿಮಿಷಕ್ಕೆ 8 ಮಿ.ಮೀ., ಅಂದರೆ ಗಂಟೆಗೆ 32 ಮಿ.ಮೀ. ಬೀಳುತ್ತಿದೆ. ನೆನೆದ ಎರೆ ಮಣ್ಣು ಗಂಟೆಗೆ 5 ಮಿ.ಮೀ. ಹೀರಿಕೊಂಡರೆ ಹೆಚ್ಚು. ಉಳಿದದ್ದು ಚರಂಡಿಗೆ ಹೋಗುತ್ತದೆ. 15 ನಿಮಿಷವನ್ನು ಐದೈದು ನಿಮಿಷದ ಮೂರು ಕಂತು ಮಾಡಿ, ನಡುವೆ ಒಂದೊಂದು ಗಂಟೆ ಬಿಟ್ಟರೆ ಹರಿದುಹೋಗುವ ನೀರು ಬಹುಪಾಲು ನಿಲ್ಲುತ್ತದೆ. ಬೀದರಿನ ಕೆಂಪು ಜಂಬಿಟ್ಟಿಗೆ ನೆಲದ್ದು ಬೇರೆ ಸ್ವಭಾವ. ಅಲ್ಲಿ ನೀರು ನಿಲ್ಲದೆ ಕೆಳಗಿಳಿಯುತ್ತದೆ. ನೆಲದಡಿಯಲ್ಲಿ ನೀರು ಹರಿಸುವ ಬಹಮನಿ ಕಾಲದ ಕರೇಜ್ ಸುರಂಗಗಳಿಗೆ ನೀರು ಒಸರುವುದೂ ಆ ಕಲ್ಲಿನ ರಂಧ್ರಗಳಿಂದಲೇ. ಅಲ್ಲಿಯ ಲಾನಿಗೆ ಸ್ವಲ್ಪ ಸ್ವಲ್ಪ ನೀರನ್ನು ಮೇಲಿಂದ ಮೇಲೆ ಕೊಡಬೇಕು.

ಯಾವಾಗ ನಿಲ್ಲಿಸಿ ಬಲ್ಲವರನ್ನು ಕರೆಯಬೇಕು

ಪಂಪ್ ಅಥವಾ ಪೈಪು ಮುಟ್ಟಿದಾಗ ಶಾಕ್ ಹೊಡೆದಂತಾದರೆ, ಎಂ.ಸಿ.ಬಿ. ಮತ್ತೆ ಮತ್ತೆ ಬೀಳುತ್ತಿದ್ದರೆ, ಸುಟ್ಟ ವಾಸನೆ ಬಂದರೆ ಅಲ್ಲಿಗೆ ಕೈಬಿಟ್ಟು, ಲಾನಿನ ಮೇಲೆ ಮಕ್ಕಳು ಓಡಾಡದಂತೆ ತಡೆದು, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನನ್ನು ಕರೆಯಬೇಕು. ಲಾನಿನ ಪೈಪನ್ನು ಕುಡಿಯುವ ನೀರಿನ ಪೈಪಿಗೆ ನೇರ ಜೋಡಿಸಿದ್ದು ಕಂಡುಬಂದರೆ ಅದೇ ದಿನ ಬಿಡಿಸಬೇಕು. ನಲ್ಲಿಯ ಒತ್ತಡ ಬಿದ್ದಾಗ ಲಾನಿನ ಕೊಳೆ ನೀರು, ಅದರಲ್ಲಿ ಕದಡಿದ ಗೊಬ್ಬರ ಎಲ್ಲವೂ ಹಿಂದಕ್ಕೆ ಎಳೆದುಕೊಂಡು ಹೋಗುತ್ತದೆ. ನಲ್ಲಿ ನೀರನ್ನು ಸಂಪಿನ ಮೇಲಿನಿಂದ, ನೀರು ಮುಟ್ಟದ ಎತ್ತರದಿಂದ ಬೀಳಿಸಿ, ಅಲ್ಲಿಂದ ಲಾನಿಗೆ ಪಂಪ್ ಮಾಡುವುದು ಸುರಕ್ಷಿತ ಮಾರ್ಗ. ಶುದ್ಧೀಕರಿಸಿದ ಚರಂಡಿ ನೀರನ್ನು ಬಳಸುವವರು ಜನರಿಲ್ಲದ ವೇಳೆಯಲ್ಲಿ ಮಾತ್ರ ಹಾರಿಸಬೇಕು.

ದೊಡ್ಡ ಲಾನಿಗೆ ಆಡಿಟ್ ಮಾಡಿಸುವುದಾದರೆ ಬರುವವರಿಂದ ನಾಲ್ಕು ಕಾಗದ ಕೇಳಿ ಪಡೆಯಿರಿ: ಪ್ರತಿ ಸ್ಪ್ರಿಂಕ್ಲರಿನ ದೋಷ ಗುರುತಿಸಿದ ನಕ್ಷೆ, ಸ್ಪ್ರಿಂಕ್ಲರಿನ ಬಳಿಯೇ ಅಳೆದ ಒತ್ತಡ, ಡಬ್ಬಿಗಳ ಅಳತೆ, ಮತ್ತು ಬೇಸಿಗೆ, ಮಳೆಗಾಲ, ಚಳಿಗಾಲಕ್ಕೆ ಬೇರೆ ಬೇರೆ ವೇಳಾಪಟ್ಟಿ. ಪಂಪಿನ ಬಳಿಯ ಗೇಜನ್ನು ಮಾತ್ರ ನೋಡಿ ಹೊಸ ಸಾಮಾನಿನ ಪಟ್ಟಿ ಕೊಡುವವರು ಆಡಿಟ್ ಮಾಡಿಲ್ಲ. ಮಣ್ಣು ಮತ್ತು ನೀರಿನ ಪರೀಕ್ಷೆಗೆ ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು.

ಡಬ್ಬಿಗಳ ಅಳತೆ ಬರೆದ ನಕ್ಷೆಯನ್ನು ಟೈಮರ್ ಪೆಟ್ಟಿಗೆಯ ಬಾಗಿಲಿನ ಒಳಬದಿಗೆ ಅಂಟಿಸಿಡಿ. ಮುಂದಿನ ಫೆಬ್ರವರಿಯಲ್ಲಿ, ಹಳದಿ ಮಚ್ಚೆ ಕಾಣುವ ಮುಂಚೆಯೇ, ಅದೇ ಡಬ್ಬಿಗಳನ್ನು ಅದೇ ಜಾಗಗಳಲ್ಲಿ ಇಟ್ಟು ಅಳೆದರೆ, ಯಾವ ಅಂಕಿ ಇಳಿದಿದೆಯೋ ಆ ಡಬ್ಬಿಯ ಪಕ್ಕದ ಸ್ಪ್ರಿಂಕ್ಲರಿನಿಂದ ಕೆಲಸ ಶುರು ಮಾಡಬಹುದು.